ಬರೆಯದೆ ಬಿಟ್ಟ ಮಾತು

ಇಸ್ಕರಿಯೋತ ಯೂದನಿಗೆ ತಾಯಿಯಿದ್ದಳೇ, ಇದ್ದರೆ ಆ ಶುಕ್ರವಾರದಂದು ಅವಳು ಎಲ್ಲಿದ್ದಳು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಐವತ್ತು ವರ್ಷಗಳ ಅಂತರದಲ್ಲಿ ಎರಡು ಬಾರಿ ಎದ್ದಿದೆ. ಮೊದಲ ಬಾರಿ ಎಬ್ಬಿಸಿದವರು ನಾವೇ. ಆಗ ನಮಗೆ 25 ವರ್ಷ, ಬಿ.ಎಡ್. ಮುಗಿಸಿ ಕನ್ನಡ ಮಾಧ್ಯಮದ ಶಾಲೆಯೊಂದಕ್ಕೆ ಮಾಸ್ತರರಾಗಿ ಸೇರಿದ್ದ ಹೊಸತು. ಎರಡನೆಯ ಬಾರಿ ಎಬ್ಬಿಸಿದವಳು ನಮ್ಮ ಮೊಮ್ಮಗಳು. ಅವಳಿಗೆ 14 ವರ್ಷ.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಇದೆಂಥ ವಿಷಯ ಎಂದು ಓದುಗ ಬಂಧುಗಳಿಗೆ ಅನ್ನಿಸಬಹುದು. ಗಡಿನಾಡಿನ ಕನ್ನಡದ ಅಳಿವು ಉಳಿವನ್ನು ಕುರಿತು ಬರೆಯಿರೆಂದೇ ಸಂಪಾದಕ ಮಿತ್ರರ ಅಪೇಕ್ಷೆಯಿತ್ತು. 1956ರ ನವೆಂಬರ್ 1ನ್ನು ಕುರಿತು ನಾವು ಇಂಥ ಸಂಚಿಕೆಗಳಲ್ಲಿ ನಾಲ್ಕಾರು ಸಲ ಬರೆದದ್ದಾಗಿದೆ. ಓದಿದವರು ಸಹಿಸಿಕೊಂಡದ್ದೂ ಆಗಿದೆ. ಈ ಸಲ ಬೇರೊಂದನ್ನು ಬರೆಯುತ್ತೇವೆ. ಇದರಲ್ಲಿಯೂ ಕನ್ನಡ ಬರುತ್ತದೆ, ಆದರೆ ಹಿತ್ತಿಲ ಬಾಗಿಲಿನಿಂದ.

ಕಳೆದ ಮಳೆಗಾಲದಲ್ಲಿ ಮೊಮ್ಮಗಳು ಫೋನಿನಲ್ಲಿ ‘ದಿ ಚೋಸನ್’ ಎಂಬ ಧಾರಾವಾಹಿಯನ್ನು ನೋಡಲು ಆರಂಭಿಸಿದಳು. ಅಮೆರಿಕದ ಡಲ್ಲಾಸ್ ಜೆಂಕಿನ್ಸ್ ಎಂಬವರು ಪ್ರೇಕ್ಷಕರಿಂದಲೇ ಹಣ ಕೂಡಿಸಿ ನಿರ್ಮಿಸುತ್ತಿರುವ ಯೇಸುಕ್ರಿಸ್ತನ ಕಥೆಯಿದು. ಏಳು ಭಾಗಗಳಲ್ಲಿ ಮುಗಿಸುವ ಯೋಜನೆ. ಐದನೆಯ ಭಾಗ 2025ರಲ್ಲಿ ಬಂದಿತು. ಇದರ ಆರಂಭದಲ್ಲಿಯೇ ಒಂದು ಒಪ್ಪಿಗೆಯ ಮಾತುಂಟು: ಸ್ಥಳ ಕಾಲಗಳನ್ನು ಕೆಲವೆಡೆ ಒಗ್ಗೂಡಿಸಿದ್ದೇವೆ, ಕೆಲವು ಪಾತ್ರಗಳನ್ನೂ ಸಂಭಾಷಣೆಗಳನ್ನೂ ಸೇರಿಸಿದ್ದೇವೆ, ನೋಡುವವರು ಸುವಾರ್ತೆಗಳನ್ನು ಓದಿರಿ ಎಂಬ ಅರ್ಥದ್ದು. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರೊಟೆಸ್ಟೆಂಟ್ ವಿದ್ವಾಂಸ, ಯೇಸುವನ್ನು ಮೆಸ್ಸೀಯನೆಂದು ನಂಬುವ ಒಬ್ಬ ಯೆಹೂದಿ ರಬ್ಬಿ, ಹೀಗೆ ಮೂವರು ಬರಹವನ್ನು ಪರಿಶೀಲಿಸುತ್ತಾರಂತೆ. ಆದರೂ ಸೇರಿಸಿದ್ದು ಕಡಿಮೆಯೇನಲ್ಲ. ಪೇತ್ರನಿಗೆ ಅತ್ತೆಯಿದ್ದಳೆಂದು ಸುವಾರ್ತೆ ಹೇಳುತ್ತದೆಯಾದ್ದರಿಂದ ಹೆಂಡತಿಯೂ ಇದ್ದಿರಲೇಬೇಕು. ಇಲ್ಲಿ ಅವಳಿಗೆ ಈಡನ್ ಎಂಬ ಹೆಸರಾಗಿದೆ. ಸುಂಕದ ಮತ್ತಾಯನು ಲೆಕ್ಕದಲ್ಲಿ ಚುರುಕಾದ, ಮನುಷ್ಯರ ನಡುವೆ ತಬ್ಬಿಬ್ಬಾಗುವ, ಆಟಿಸಂ ಲಕ್ಷಣಗಳುಳ್ಳ ಯುವಕನಾಗಿದ್ದಾನೆ. ತೋಮನಿಗೆ ರಾಮಾ ಎಂಬ ಮದುವೆ ನಿಶ್ಚಯವಾದ ಹುಡುಗಿಯಿದ್ದಾಳೆ. ನಾಲ್ಕನೆಯ ಭಾಗದಲ್ಲಿ ರೋಮಿನ ಅಧಿಕಾರಿಯೊಬ್ಬನ ಕತ್ತಿಗೆ ಅವಳು ಬಲಿಯಾಗುತ್ತಾಳೆ. ಯೇಸು ಅಲ್ಲಿಯೇ ಇದ್ದಾನೆ. ತೋಮನು ಬೇಡಿಕೊಳ್ಳುತ್ತಾನೆ. ಯೇಸು ಅವಳನ್ನು ಎಬ್ಬಿಸುವುದಿಲ್ಲ. ಕೆಲವು ಕಂತುಗಳ ಬಳಿಕ ಲಾಜರನನ್ನು ಸಮಾಧಿಯಿಂದ ಕರೆದಾಗ ತೋಮನು ಅಲ್ಲಿ ನಿಂತು ನೋಡಬೇಕಾಗುತ್ತದೆ.

ಆ ರಾತ್ರಿ ಮೊಮ್ಮಗಳು ನಮ್ಮ ಕೋಣೆಗೆ ಬಂದಳು. “ಅಜ್ಜಾ, ರಾಮಾಳನ್ನು ಯಾಕೆ ಎಬ್ಬಿಸಲಿಲ್ಲ? ಅದು ಯಾವ ಸುವಾರ್ತೆಯಲ್ಲಿದೆ?”

“ಯಾವುದರಲ್ಲಿಯೂ ಇಲ್ಲ ಮಗಳೆ. ಅಂಥವಳೊಬ್ಬಳು ಇರಲೇ ಇಲ್ಲ” ಎಂದೆವು. ಹೇಳುವಾಗ ನಮ್ಮ ಧ್ವನಿ ಅಗತ್ಯಕ್ಕಿಂತ ಗಟ್ಟಿಯಾಯಿತು. ಕೊಂದುಹಾಕುವುದಕ್ಕಾಗಿಯೇ ಒಂದು ಹೆಣ್ಣನ್ನು ಹುಟ್ಟಿಸಿ, ಅವಳ ಹೆಣದ ಮುಂದೆ ಕರ್ತನನ್ನು ನಿಲ್ಲಿಸಿ, ಅವನು ಎಂದೂ ಆಡದ ಮಾತುಗಳನ್ನು ಅವನ ಬಾಯಲ್ಲಿ ಇಡುವ ಅಧಿಕಾರವನ್ನು ಇವರಿಗೆ ಯಾರು ಕೊಟ್ಟರು? ಹೀಗೆಂದು ಒಳಗೊಳಗೇ ಕುದಿಯುತ್ತಿರುವಾಗ, ಇದು ನಮ್ಮ ಧ್ವನಿಯಲ್ಲ, ನಮ್ಮ ತಂದೆಯವರದು ಎಂಬ ಅರಿವಾಯಿತು.

ನಮ್ಮ ತಂದೆಯವರು ಕಾಸರಗೋಡಿನ ಉತ್ತರದ ಹಳ್ಳಿಗಳ ಕಡೆ ಉಪದೇಶಿಗಳಾಗಿದ್ದರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನ ಪರಂಪರೆಯ ಮನೆತನ ನಮ್ಮದು. ಸಭೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಸರಕಾರಿ ಕಚೇರಿಯಲ್ಲಿ ಮಲಯಾಳ. ನಮ್ಮ ಮನೆಯ ಗೋಡೆಗಳಲ್ಲಿ ಯೇಸುವಿನ ಒಂದು ಚಿತ್ರವೂ ಇರಲಿಲ್ಲ. ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದ ವಾಕ್ಯಗಳಿದ್ದವು. ವಿಗ್ರಹವನ್ನಾಗಲಿ ರೂಪವನ್ನಾಗಲಿ ಮಾಡಿಕೊಳ್ಳಬಾರದೆಂಬ ಆಜ್ಞೆಯನ್ನು ತಂದೆಯವರು ಅಕ್ಷರಶಃ ನಂಬಿದವರು. ಪಕ್ಕದ ಕ್ಯಾಥೊಲಿಕರ ಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟವೂ ಅದರ ಮುಂದೆ ಸಣ್ಣ ಕೆಂಪು ದೀಪವೂ ಇದ್ದವು. ಅದನ್ನು ನೋಡುವುದಕ್ಕೆಂದೇ ನಾವು ಅಲ್ಲಿಗೆ ಆಟಕ್ಕೆ ಹೋಗುತ್ತಿದ್ದುದುಂಟು.

ಈ ಎರಡು ಮನೆಗಳ ನಡುವಿನ ಬೇಲಿ ಬಹಳ ಹಳೆಯದು. 787ರಲ್ಲಿ ನೈಸಿಯಾದಲ್ಲಿ ಸೇರಿದ ಮಹಾಸಭೆಯು, ದೇವರು ಮನುಷ್ಯನಾಗಿ ಕಣ್ಣಿಗೆ ಕಂಡವನಾದ್ದರಿಂದ ಅವನ ಚಿತ್ರ ಬರೆಯುವುದು ಸಲ್ಲುತ್ತದೆಂದು ತೀರ್ಮಾನಿಸಿತು. ಹದಿನಾರನೆಯ ಶತಮಾನದ ಸುಧಾರಕರಲ್ಲಿ ಲೂಥರನು ಚಿತ್ರಗಳನ್ನು ಜ್ಞಾಪಕಕ್ಕೆಂದು ಇರಗೊಟ್ಟನು. ಕಾಲ್ವಿನನ ಕಡೆಯವರು ಗೋಡೆಗಳಿಗೆ ಸುಣ್ಣ ಬಳಿದರು. ಸಿನಿಮಾ ಹುಟ್ಟುವುದಕ್ಕೆ ಬಹು ಮೊದಲೇ ಸಿನಿಮಾದ ಜಗಳ ಹೀಗೆ ಹುಟ್ಟಿಕೊಂಡಿತ್ತು. ಬ್ರಿಟನ್ನಿನಲ್ಲಿ ಚಲನಚಿತ್ರಗಳ ಸೆನ್ಸಾರ್ ಮಂಡಳಿಯು 1912-13ರಲ್ಲಿ ಕೆಲಸಕ್ಕೆ ತೊಡಗಿದಾಗ ಅದಕ್ಕಿದ್ದುದು ಎರಡೇ ಕಟ್ಟಳೆಗಳು: ನಗ್ನತೆ ಕೂಡದು, ಕ್ರಿಸ್ತನ ದೇಹರೂಪ ಕೂಡದು. ಅದೇ ಕಾಲದಲ್ಲಿ ಮುಂಬಯಿಯ ಒಂದು ತಂಬುವಿನಲ್ಲಿ ಕ್ರಿಸ್ತನ ಜೀವನದ ಮೂಕಿಚಿತ್ರವನ್ನು ನೋಡುತ್ತ ಕುಳಿತಿದ್ದ ದಾದಾಸಾಹೇಬ ಫಾಲ್ಕೆಯವರ ಮನಸ್ಸಿನಲ್ಲಿ ರಾಮಕೃಷ್ಣರು ಓಡಾಡತೊಡಗಿದರು. 1913ರ ‘ರಾಜಾ ಹರಿಶ್ಚಂದ್ರ’ ಅದರ ಫಲ. ಭಾರತದ ಸಿನಿಮಾದ ಮೂಲದಲ್ಲಿ ಒಂದು ಕ್ರಿಸ್ತಚಿತ್ರವಿದೆ ಎಂಬುದನ್ನು ನಮ್ಮ ತಂದೆಯವರಿಗೆ ಹೇಳಿದಾಗ, “ಅದು ಅವರ ಮನಸ್ಸಿನ ಮಾತು, ನಮ್ಮದಲ್ಲ” ಎಂದು ಮುಗಿಸಿಬಿಟ್ಟರು.

ಕಾಲೇಜಿನ ದಿನಗಳಲ್ಲಿ ಮಂಗಳೂರಿನ ಟಾಕೀಸಿನಲ್ಲಿ ಸೆಸಿಲ್ ಡಿ’ಮಿಲ್ಲರ ‘ದಿ ಟೆನ್ ಕಮಾಂಡ್‌ಮೆಂಟ್ಸ್’ (1956) ನೋಡಿದೆವು. ಮನೆಯಲ್ಲಿ ಹೇಳದೆಯೇ ನೋಡಿದ್ದು. ಮೋಶೆಯು ಅರಸನ ಮಗಳ ಕೈ ಸೇರಿದ್ದಕ್ಕೂ ದೊಡ್ಡವನಾಗಿ ಐಗುಪ್ತ್ಯನೊಬ್ಬನನ್ನು ಕೊಂದದ್ದಕ್ಕೂ ನಡುವೆ ವಿಮೋಚನಕಾಂಡದಲ್ಲಿ ಏನೂ ಇಲ್ಲ. ಒಂದು ವಾಕ್ಯದಿಂದ ಇನ್ನೊಂದಕ್ಕೆ ಹಾರಿಬಿಡುತ್ತದೆ. ಆ ಖಾಲಿ ಜಾಗದಲ್ಲಿ ಡಿ’ಮಿಲ್ಲರು ಅರಮನೆ, ರಥ, ನೆಫ್ರೆತಿರಿ ಎಂಬ ರಾಜಕುವರಿಯ ಪ್ರೇಮ, ಎಲ್ಲವನ್ನೂ ತುಂಬಿದ್ದರು. ಸಮುದ್ರ ಇಬ್ಭಾಗವಾದಾಗ ನಾವು ಕುರ್ಚಿಯ ತುದಿಗೆ ಬಂದಿದ್ದೆವು. ವೈಲರ್ ಅವರ ‘ಬೆನ್-ಹರ್’ (1959) ಇನ್ನೊಂದು ಬಗೆ. ಅದರಲ್ಲಿ ಯೇಸುವಿನ ಮುಖವನ್ನು ಒಮ್ಮೆಯೂ ತೋರಿಸುವುದಿಲ್ಲ. ನೀರು ಕೊಡುವ ಕೈ, ಬೆನ್ನು, ಅವನನ್ನು ಕಂಡು ತಡವರಿಸುವ ರೋಮಿನ ಸಿಪಾಯಿಯ ಮುಖ, ಇಷ್ಟೇ. ನಮ್ಮ ತಂದೆಯವರು ನೋಡಬಹುದಾಗಿದ್ದ ಏಕೈಕ ಚಿತ್ರ ಅದೆಂದು ಈಗಲೂ ನಮಗನ್ನಿಸುತ್ತದೆ. ಅವರು ನೋಡಲಿಲ್ಲ. 1973ರಲ್ಲಿ ಪಿ.ಎ. ಥಾಮಸರ ಮಲಯಾಳ ಚಿತ್ರ ‘ಜೀಸಸ್’ ಬಂದಾಗ ನಮ್ಮ ಊರಿನವರು ಜೆಮಿನಿ ಗಣೇಶನ್, ಜಯಲಲಿತಾ ಇದ್ದಾರೆಂದು ಜಾತಿಮತ ನೋಡದೆ ಹೋದರು. ಹೆರೋದನ ಮುಂದೆ ಕುಣಿದವಳ ಹೆಸರು ಸಲೋಮೆ ಎಂದು ಎಲ್ಲರೂ ಬಲ್ಲರು. ಸುವಾರ್ತೆಯಲ್ಲಿ ಅವಳು ಹೆರೋದ್ಯಳ ಮಗಳು, ಅಷ್ಟೇ. ಹೆಸರು ಯೆಹೂದಿ ಇತಿಹಾಸಕಾರ ಜೋಸೆಫಸನಿಂದ ಬಂದದ್ದು. ನಾವು ಸತ್ಯವೇದದ್ದೆಂದು ನಂಬಿರುವುದರಲ್ಲಿ ಎಷ್ಟು ಹೊರಗಿನಿಂದ ಬಂದು ಸೇರಿದೆಯೆಂಬುದನ್ನು ಎಣಿಸಹೊರಟರೆ ಭಯವಾಗುತ್ತದೆ. ಮೂಡಣದ ಜೋಯಿಸರು ಮೂವರೆಂದು ಮತ್ತಾಯನು ಹೇಳಲಿಲ್ಲ. ಮಗ್ದಲದ ಮರಿಯಳು ಸೂಳೆಯಾಗಿದ್ದಳೆಂದು ಯಾವ ಸುವಾರ್ತಿಕನೂ ಬರೆಯಲಿಲ್ಲ. 591ರಲ್ಲಿ ಪೋಪ್ ಗ್ರೆಗೊರಿಯವರು ಒಂದು ಪ್ರಸಂಗದಲ್ಲಿ ಮೂವರು ಸ್ತ್ರೀಯರನ್ನು ಒಬ್ಬಳನ್ನಾಗಿ ಮಾಡಿದ್ದರಿಂದ ಆ ಪಾಪದ ಹೆಣ್ಣಿಗೆ ಒಂದು ಸಾವಿರದ ನಾನ್ನೂರು ವರ್ಷ ಕೆಟ್ಟ ಹೆಸರು ಅಂಟಿಕೊಂಡಿತು. ‘ಪಾಪದ ಹೆಣ್ಣು’ ಎಂದದ್ದು ನಮ್ಮ ಕಡೆಯ ಅರ್ಥದಲ್ಲಿ.

ಇನ್ನೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದವನು ಉಪದೇಶಿಯ ಮಗನಾದರೇನು, ಚೆಂಡೆಯ ಸದ್ದು ಕೇಳಿದರೆ ಕಾಲು ನಿಲ್ಲುವುದಿಲ್ಲ. ಆಟಕ್ಕಿಂತಲೂ ತಾಳಮದ್ದಲೆಯ ಹುಚ್ಚು ನಮಗೆ ಹೆಚ್ಚು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು, ರಾವಣನನ್ನು ಕೇಳಲು ಮೈಲಿಗಟ್ಟಲೆ ನಡೆದಿದ್ದೇವೆ. ಭಾಗವತರು ಹಾಡುವ ಪದ್ಯ ಪ್ರಸಂಗದ್ದು, ಅದನ್ನು ಯಾರೂ ತಿದ್ದುವಂತಿಲ್ಲ. ಆದರೆ ಅರ್ಥ ಅರ್ಥಧಾರಿಯದು. ನಾಲ್ಕು ಸಾಲಿನ ಪದ್ಯಕ್ಕೆ ನಲವತ್ತು ನಿಮಿಷದ ಅರ್ಥ. ಸತ್ತುಬಿದ್ದಿರುವ ವಾಲಿಯ ಪರವಾಗಿ ಸಭೆಯೆಲ್ಲ ಕಣ್ಣೀರು ಹಾಕುವಂತೆ ಮಾಡಬಹುದು. ಆದರೆ ವಾಲಿಯನ್ನು ಬದುಕಿಸುವಂತಿಲ್ಲ. ಇದು ಎಷ್ಟು ಕಠಿಣವಾದ ಶಿಸ್ತೋ ಅಷ್ಟೇ ದೊಡ್ಡ ಸ್ವಾತಂತ್ರ್ಯ. ಕರಾವಳಿಯಲ್ಲಿ ಯೇಸುವಿನ ಕಥೆಯೂ ಯಕ್ಷಗಾನ ಪ್ರಸಂಗವಾಗಿ ರಂಗಕ್ಕೇರಿದ್ದುಂಟು. ಇದನ್ನೆಲ್ಲ ಕಂಡು ಕೇಳಿ ತಲೆ ತುಂಬಿಕೊಂಡಿದ್ದ ನಾವು 1975ರ ಈಸ್ಟರಿನ ಸಮಯದಲ್ಲಿ ಸಭೆಯ ಯುವಕರಿಗಾಗಿ ‘ಯೂದನ ತಾಯಿ’ ಎಂಬ ನಾಟಕವನ್ನು ಬರೆದೆವು.

ಮುಕ್ಕಾಲು ಗಂಟೆಯ ನಾಟಕ. ಶಿಲುಬೆಯ ದೃಶ್ಯವೇ ಇಲ್ಲ, ಯೇಸುವೂ ರಂಗಕ್ಕೆ ಬರುವುದಿಲ್ಲ. ತಂದೆಯವರಿಗೆ ನಾವು ಕೊಟ್ಟ ರಿಯಾಯಿತಿ ಅದು. ಮಗನು ಬೆಳ್ಳಿಯ ನಾಣ್ಯಗಳನ್ನು ದೇವಾಲಯದಲ್ಲಿ ಬಿಸಾಡಿ ಸತ್ತನೆಂಬ ಸುದ್ದಿ ಕೇಳಿ ಕೆರಿಯೋತಿನಿಂದ ಮುದುಕಿಯೊಬ್ಬಳು ಯೆರೂಸಲೇಮಿಗೆ ಬರುತ್ತಾಳೆ. ಅಂದು ಊರೆಲ್ಲ ಇನ್ನೊಬ್ಬ ತಾಯಿಯ ಮಗನ ಮಾತನ್ನೇ ಆಡುತ್ತಿದೆ. ಇವಳು ಮನೆಯಿಂದ ಮನೆಗೆ ಹೋಗಿ ತನ್ನ ಮಗನ ಹೆಣವೆಲ್ಲಿ ಎಂದು ಕೇಳುತ್ತಾಳೆ. ಕೊನೆಗೆ ಕುಂಬಾರನ ಹೊಲದ ಅಂಚಿನಲ್ಲಿ ಕಾವಲುಗಾರನ ಮುಂದೆ ಸೆರಗೊಡ್ಡುತ್ತಾಳೆ. ಪರದೆ.

ಪರದೆ ಬೀಳುವುದಕ್ಕೆ ಮೊದಲೇ ನಮ್ಮ ತಂದೆಯವರು ಎದ್ದು ಹೊರಗೆ ಹೋದರು. ಮುಂದಿನ ಬೆಂಚಿನಲ್ಲಿ ಸಭಾಪಾಲಕರ ಪಕ್ಕದಲ್ಲಿ ಕುಳಿತವರು ಹಾಗೆ ನಡುವೆ ಎದ್ದುಹೋದದ್ದನ್ನು ಸಭೆಯೆಲ್ಲ ನೋಡಿತು. ರಂಗದ ಪಕ್ಕದ ಸಂದಿಯಿಂದ ನಾವೂ ನೋಡಿದೆವು.

ರಾತ್ರಿ ಗಂಜಿಗೆ ಕುಳಿತಾಗ ಕೇಳಿದರು: “ನಾಲ್ಕು ಮಂದಿ ಸುವಾರ್ತಿಕರಿಗೆ ಗೊತ್ತಿಲ್ಲದ ತಾಯಿ ನಿನಗೆಲ್ಲಿ ಸಿಕ್ಕಿದಳು?”

ನಾವೂ ಬಿಡಲಿಲ್ಲ. ಹೊಸ ಪದವೀಧರನ ಸೊಕ್ಕು. ಯೂದನ ಸಾವನ್ನು ಮತ್ತಾಯನು ಒಂದು ರೀತಿ ಬರೆದಿದ್ದಾನೆ, ಅಪೊಸ್ತಲರ ಕೃತ್ಯಗಳಲ್ಲಿ ಇನ್ನೊಂದು ರೀತಿ ಇದೆ. ಒಂದರಲ್ಲಿ ಹೊಲವನ್ನು ಕೊಂಡವರು ಯಾಜಕರು, ಇನ್ನೊಂದರಲ್ಲಿ ಅವನೇ. ನೀವು ಪ್ರತಿ ಶುಭ ಶುಕ್ರವಾರ ಮೂರು ಗಂಟೆ ಹೊತ್ತು ಶಿಲುಬೆಯ ಏಳು ಮಾತುಗಳನ್ನು ಪ್ರಸಂಗಿಸುತ್ತೀರಿ. ಆ ಏಳೂ ಒಂದೇ ಸುವಾರ್ತೆಯಲ್ಲಿ ಎಲ್ಲಿವೆ? ಲೂಕನಿಂದ ಮೂರು, ಯೋಹಾನನಿಂದ ಮೂರು, ಮತ್ತಾಯ ಮಾರ್ಕರಿಂದ ಒಂದು, ಹೀಗೆ ಕೂಡಿಸಿ ಹೊಲಿದದ್ದು. ಅದು ಸ್ವಾತಂತ್ರ್ಯವಲ್ಲವೇ? ಕಿಟ್ಟೆಲರು 1862ರಲ್ಲಿ ಕ್ರಿಸ್ತನ ಕಥೆಯನ್ನು ‘ಕಥಾಮಾಲೆ’ಯೆಂದು ಕನ್ನಡದ ಛಂದಸ್ಸಿನಲ್ಲಿ ಹಾಡಿದರಲ್ಲ, ಅದು? ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ನೀವೇ ನಮ್ಮಿಂದ ಓದಿಸಿದಿರಲ್ಲ, ಅದು?

ತಂದೆಯವರು ಕೈತೊಳೆದು ಬಂದರು. “ಪೈಗಳು ಹೊರಗಿನಿಂದ ಬಂದು ಬಾಗಿಲಲ್ಲಿ ನಿಂತು ಕೈಮುಗಿದವರು. ನೀನು ಒಳಗಿದ್ದು ಬಾಗಿಲು ತೆಗೆದವನು. ಎರಡೂ ಒಂದೇ ಅಲ್ಲ” ಎಂದರು. ಸ್ವಲ್ಪ ತಡೆದು, “ಬರೆದದ್ದು ಮಾತ್ರವಲ್ಲ ಮಗಾ, ಬರೆಯದೆ ಬಿಟ್ಟದ್ದೂ ದೇವರ ಕೆಲಸವೇ” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಾಟಕ ಮತ್ತೆ ಆಡಲಿಲ್ಲ. ಬರೆದ ನೋಟುಪುಸ್ತಕವೂ ಕಾಣೆಯಾಯಿತು.

ಆದರೆ ಇಷ್ಟೇ ನಡೆದದ್ದಲ್ಲ. ನಮ್ಮ ಸಭೆಯಲ್ಲಿ ಒಬ್ಬ ತಾಯಿಯಿದ್ದರು. ಅದಕ್ಕೆ ನಾಲ್ಕು ವರ್ಷ ಮೊದಲು ಅವರ ಒಬ್ಬನೇ ಮಗ, ಕೆಲಸ ಮಾಡುತ್ತಿದ್ದಲ್ಲಿ ಹಣದ ಲೆಕ್ಕ ತಪ್ಪಿ, ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡಿದ್ದ. ಸಭೆಯ ಹಿರಿಯರ ತೀರ್ಮಾನದಂತೆ ಅವನನ್ನು ಸ್ಮಶಾನದ ಮೂಲೆಯಲ್ಲಿ, ಗಂಟೆ ಬಾರಿಸದೆ, ಕೀರ್ತನೆ ಹಾಡದೆ ಮಣ್ಣು ಮಾಡಲಾಗಿತ್ತು. ಒಂದು ಚಿಕ್ಕ ಪ್ರಾರ್ಥನೆ ಮಾಡಿದವರು ನಮ್ಮ ತಂದೆಯವರು. ನಾಟಕ ಬರೆಯುವಾಗ ಆ ಮನೆಯ ನೆನಪು ನಮಗಿರಲಿಲ್ಲವೆಂದು ಬಹುಕಾಲ ಹೇಳಿಕೊಂಡೆವು. ಈಗ ಹಾಗೆ ಹೇಳುವ ಧೈರ್ಯವಿಲ್ಲ.

ನಾಟಕದ ಮರುದಿನ ಬೆಳಿಗ್ಗೆ ಆ ತಾಯಿ ಒಂದು ಕಟ್ಟು ಹಲಸಿನ ಹಪ್ಪಳ ಹಿಡಿದುಕೊಂಡು ನಮ್ಮ ಮನೆಯ ಜಗಲಿಗೆ ಬಂದರು. ನಾವು ಒಳಗಿದ್ದೆವು, ತಂದೆಯವರು ಹೊರಗೆ ಕುಳಿತಿದ್ದರು. ಆಕೆ ತಂದೆಯವರ ಕಡೆ ನೋಡದೆ ನಮ್ಮ ತಾಯಿಯವರೊಡನೆ, “ಮಾಸ್ತರರನ್ನು ಒಂದು ಕೇಳಬೇಕಿತ್ತು ಅಕ್ಕಾ. ಆ ಹೆಂಗಸಿಗೆ ಕೊನೆಗೆ ಮಗನ ಹೆಣ ಕೊಟ್ಟರೋ ಇಲ್ಲವೋ ಎಂದು ನಾಟಕದಲ್ಲಿ ಹೇಳಲೇ ಇಲ್ಲವಲ್ಲ” ಎಂದರು. ನಮ್ಮ ತಾಯಿ ಏನು ಹೇಳಿದರೋ ಕೇಳಿಸಲಿಲ್ಲ. ನಾವು ಹೊರಗೆ ಹೋಗಲಿಲ್ಲ. ಹೋಗಿ ಉತ್ತರ ಕೊಡಬೇಕಾಗಿತ್ತು. ಬರೆದವನಿಗೆ ಉತ್ತರ ಗೊತ್ತಿರಬೇಕಾಗಿತ್ತು.

ಈ ಪ್ರಸಂಗದ ಬಳಿಕ ನಾವು ನಾಟಕ ಬರೆಯುವುದನ್ನು ಬಿಟ್ಟು, ಬೇರೆಯವರು ತೆಗೆದ ಚಿತ್ರಗಳನ್ನು ನೋಡುವವರಾದೆವು. 1977ರ ಝೆಫಿರೆಲ್ಲಿಯವರ ‘ಜೀಸಸ್ ಆಫ್ ನಜರೆತ್’ನಲ್ಲಿ ಜೇರಾ ಎಂಬ ಕಲ್ಪಿತ ಶಾಸ್ತ್ರಿಯೊಬ್ಬನು ಯೂದನನ್ನು ಮೋಸಗೊಳಿಸುತ್ತಾನೆ; ಯೂದನು ಕೇಡಿಗನಲ್ಲ, ಮೋಸಹೋದವನು. ನಮ್ಮ ನಾಟಕದ ಮುದುಕಿಗೆ ಅದು ಸಮಾಧಾನ ಕೊಡುತ್ತಿತ್ತೇನೋ. ಯೇಸುವನ್ನು ಸಾಮಾನ್ಯ ಮನುಷ್ಯನಂತೆ ತೋರಿಸುವೆನೆಂದು ನಿರ್ದೇಶಕರು ಹೇಳಿದ ಒಂದು ಮಾತನ್ನು ಹಿಡಿದು, ಚಿತ್ರವನ್ನು ನೋಡದೆಯೇ ಅಮೆರಿಕದ ಕೆಲವರು ಪ್ರತಿಭಟಿಸಿದರು. ಜನರಲ್ ಮೋಟರ್ಸ್ ಕಂಪೆನಿ ಪ್ರಾಯೋಜಕತ್ವದಿಂದ ಹಿಂದೆ ಸರಿಯಿತು. ಪ್ರಸಾರವಾದ ಮೇಲೆ ಅದೇ ಚಿತ್ರ ಮನೆಮನೆಯ ಭಕ್ತಿಚಿತ್ರವಾಯಿತು. ತೆಲುಗಿನ ‘ಕರುಣಾಮಯುಡು’ (1978) ಹಳ್ಳಿಹಳ್ಳಿಗೆ ವ್ಯಾನಿನಲ್ಲಿ ಹೋಗಿ ಬಿಳಿ ಬಟ್ಟೆಯ ಮೇಲೆ ಮೂಡಿತು. ಅದರಲ್ಲಿ ಯೇಸುವಾದ ವಿಜಯಚಂದರ್ ಅವರ ಮುಖವೇ ಎಷ್ಟೋ ಜನರಿಗೆ ಯೇಸುವಿನ ಮುಖವಾಯಿತು. ತಂದೆಯವರ ಭಯ ಇದೇ ಆಗಿತ್ತು. ಸುವಾರ್ತೆಗಳು ಯೇಸುವಿನ ಎತ್ತರ, ಬಣ್ಣ, ಕಣ್ಣು ಯಾವುದನ್ನೂ ಹೇಳುವುದಿಲ್ಲ. ಆ ಖಾಲಿ ಜಾಗದಲ್ಲಿ ಒಬ್ಬ ನಟನು ಕುಳಿತುಬಿಟ್ಟರೆ ಅವನನ್ನು ಎಬ್ಬಿಸುವುದು ಯಾರಿಂದ ಸಾಧ್ಯ?

ಸ್ಕೋರ್ಸೀಸಿಯವರ ‘ದಿ ಲಾಸ್ಟ್ ಟೆಂಪ್ಟೇಷನ್ ಆಫ್ ಕ್ರೈಸ್ಟ್’ (1988) ಸುವಾರ್ತೆಯನ್ನು ಆಧರಿಸಿದ್ದಲ್ಲ, ಕಜಾಂಟ್ಜಾಕಿಸರ ಕಾದಂಬರಿಯನ್ನು ಆಧರಿಸಿದ್ದೆಂದು ಮೊದಲೇ ಹೇಳುತ್ತದೆ. ಶಿಲುಬೆಯ ಮೇಲಿರುವ ಯೇಸುವಿಗೆ ಹೆಂಡತಿ ಮಕ್ಕಳ ಸಾಮಾನ್ಯ ಬದುಕು ಪ್ರಲೋಭನೆಯಾಗಿ ಕಾಣುತ್ತದೆ. ಅವನು ಅದನ್ನು ತಳ್ಳಿಬಿಡುತ್ತಾನೆ. ತಳ್ಳಿಬಿಡುತ್ತಾನೆಂಬುದನ್ನು ಪ್ರತಿಭಟಿಸಿದ ಅನೇಕರು ತಿಳಿದಿರಲಿಲ್ಲ. ಪ್ಯಾರಿಸ್ಸಿನಲ್ಲಿ ಆ ಚಿತ್ರ ನಡೆಯುತ್ತಿದ್ದ ಥಿಯೇಟರಿಗೆ ಬೆಂಕಿಯಿಟ್ಟರು, ಜನರಿಗೆ ಗಾಯಗಳಾದವು. ವೈರಿಗಳನ್ನು ಪ್ರೀತಿಸಬೇಕೆಂದು ಬೋಧಿಸಿದವನ ಮಾನ ಕಾಯುವ ಬಗೆಯೇ ಇದು? ಅಂಥ ಚಿತ್ರವನ್ನು ನಾವು ಮೆಚ್ಚಿದೆವೆಂದಲ್ಲ. ನಮಗೆ ಹಿಡಿಸಲಿಲ್ಲ. ಹಿಡಿಸದ ಚಿತ್ರದಿಂದ ಎದ್ದು ಹೊರಗೆ ಹೋಗುವ ಮಾರ್ಗವನ್ನು ನಮ್ಮ ತಂದೆಯವರು ತೋರಿಸಿಕೊಟ್ಟಿದ್ದರು.

ಮೆಲ್ ಗಿಬ್ಸನ್ನರ ‘ದಿ ಪ್ಯಾಶನ್ ಆಫ್ ದ ಕ್ರೈಸ್ಟ್’ (2004) ಬಂದಾಗ ನಮ್ಮ ಸಭೆಯವರೆಲ್ಲ ಬಸ್ಸು ಮಾಡಿಕೊಂಡು ಮಂಗಳೂರಿಗೆ ಹೋಗಿ ನೋಡಿದರು. ಅರಾಮಿಕ್, ಲ್ಯಾಟಿನ್, ಹೀಬ್ರೂ ಮಾತುಗಳು. ಇದಕ್ಕಿಂತ ಸತ್ಯವಾದ ಚಿತ್ರವಿಲ್ಲವೆಂದರು. ನಮ್ಮ ಪತ್ನಿ ಕೊರಡೆಯ ಪೆಟ್ಟಿನ ದೃಶ್ಯದ ಅರ್ಧದಲ್ಲಿ ಕಣ್ಣುಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಸುವಾರ್ತಿಕರು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋದದ್ದನ್ನು ಈ ಚಿತ್ರ ಎಷ್ಟೋ ನಿಮಿಷ ಎಳೆಯುತ್ತದೆ. ಅಲ್ಲಿನ ಅನೇಕ ವಿವರಗಳು ಆನ್ ಕ್ಯಾಥರೀನ್ ಎಮ್ಮೆರಿಕ್ ಎಂಬ ಜರ್ಮನ್ ಸನ್ಯಾಸಿನಿಯ ದರ್ಶನಗಳಿಂದ ಬಂದವು. ಹೊಸ ಪಾತ್ರ ಸೇರಿಸುವುದಷ್ಟೇ ಸ್ವಾತಂತ್ರ್ಯವಲ್ಲ, ಎಷ್ಟು ಹೊತ್ತು ತೋರಿಸುವುದೆಂಬುದೂ ಸ್ವಾತಂತ್ರ್ಯವೇ ಎಂದು ಅಂದು ತಿಳಿಯಿತು. ಅಲ್ಲದೆ, ಯೇಸುವಿನ ರಕ್ತದ ಹೊಣೆಯನ್ನು ತಮ್ಮ ಮೇಲೂ ಮಕ್ಕಳ ಮೇಲೂ ಹೊತ್ತುಕೊಂಡ ಜನರ ಕೂಗು ಮತ್ತಾಯನ ಸುವಾರ್ತೆಯಲ್ಲಿ ಇರುವಂಥದೇ. ಅದೇ ಕೂಗನ್ನು ಹಿಡಿದು ಯೂರೋಪಿನ ಕ್ರೈಸ್ತರು ಶತಮಾನಗಳ ಕಾಲ ಯೆಹೂದ್ಯರನ್ನು ಹಿಂಸಿಸಿದರು. ಗಿಬ್ಸನ್ನರು ಆ ಮಾತಿನ ಇಂಗ್ಲಿಷ್ ಅಡಿಬರಹವನ್ನು ತೆಗೆದರು, ಮಾತನ್ನು ಉಳಿಸಿಕೊಂಡರು. 1634ರಿಂದ ಕ್ರಿಸ್ತನ ಶ್ರಮೆಯ ನಾಟಕವನ್ನು ಆಡುತ್ತ ಬಂದ ಜರ್ಮನಿಯ ಒಬರ್‌ಅಮ್ಮರ್‌ಗೌ ಹಳ್ಳಿಯವರು ಈಚಿನ ದಶಕಗಳಲ್ಲಿ ತಮ್ಮ ನಾಟಕವನ್ನೇ ತಿದ್ದಿಕೊಂಡಿದ್ದಾರೆ. ಹಾಗಾದರೆ ಬರೆದದ್ದನ್ನು ಬರೆದಂತೆಯೇ ತೋರಿಸುವುದೂ ಯಾವಾಗಲೂ ನಿರಪಾಯವಲ್ಲ. ಇದನ್ನು ತಂದೆಯವರಿಗೆ ಹೇಳಬೇಕಾಗಿತ್ತು. ಅವರು 1988ರಲ್ಲಿಯೇ ತೀರಿಕೊಂಡಿದ್ದರು.

ನಮ್ಮ ಮನಸ್ಸಿನಲ್ಲಿ ಉಳಿದಿರುವ ಕ್ರಿಸ್ತಚಿತ್ರ ಬೇರೆಯೇ. ಬಹಳ ಹಿಂದೆ ಹೊಸದುರ್ಗದಲ್ಲಿ ಫಿಲ್ಮ್ ಸೊಸೈಟಿಯವರು ಪಸೋಲಿನಿಯವರ ‘ಮತ್ತಾಯನ ಸುವಾರ್ತೆ’ (1964) ತೋರಿಸಿದ್ದರು. ನಿರ್ದೇಶಕ ನಾಸ್ತಿಕ, ಕಮ್ಯುನಿಸ್ಟ್. ಚಿತ್ರವನ್ನು ಅರ್ಪಿಸಿದ್ದು ಪೋಪ್ ಇಪ್ಪತ್ತಮೂರನೆಯ ಜಾನರ ನೆನಪಿಗೆ. ಮಾತುಗಳು ಹೆಚ್ಚುಕಡಿಮೆ ಎಲ್ಲವೂ ಮತ್ತಾಯನವೇ. ನಟರು ಇಟಲಿಯ ಬಡ ಊರುಗಳ ಸಾಮಾನ್ಯ ಜನರು. ಶಿಲುಬೆಯ ಬುಡದಲ್ಲಿ ಕುಸಿಯುವ ಮುದುಕಿ ಮರಿಯಳಾಗಿ ನಿರ್ದೇಶಕರು ತಮ್ಮ ಸ್ವಂತ ತಾಯಿಯನ್ನೇ ನಿಲ್ಲಿಸಿದ್ದಾರೆ. ಮತ್ತಾಯನು ಶಿಲುಬೆಯ ಬಳಿ ಹೆಸರಿಸುವ ಹೆಂಗಸರಲ್ಲಿ ಯೇಸುವಿನ ತಾಯಿಯಿಲ್ಲ. ಆಕೆಯನ್ನು ಅಲ್ಲಿ ನಿಲ್ಲಿಸಿದವನು ಯೋಹಾನನು. ಆ ಮುದುಕಿಯ ಮುಖ ನೋಡಿದಾಗ, ಮತ್ತಾಯನು ಬಿಟ್ಟದ್ದನ್ನು ನೀನೇಕೆ ತಂದೆ ಎಂದು ಕೇಳುವ ಮನಸ್ಸಾಗಲಿಲ್ಲ.

ಇನ್ನು ಮೊಮ್ಮಗಳ ವಿಷಯ. ರಾಮಾ ಎಂಬವಳು ಇರಲೇ ಇಲ್ಲವೆಂದು ನಾವು ಗಟ್ಟಿಯಾಗಿ ಹೇಳಿದೆವಷ್ಟೆ. ಹುಡುಗಿ ಸ್ವಲ್ಪ ಹೊತ್ತು ನಿಂತಿದ್ದು, “ಅಜ್ಜಿಯನ್ನೂ ಎಬ್ಬಿಸಲಿಲ್ಲವಲ್ಲ” ಎಂದಳು.

ನಮ್ಮ ಪತ್ನಿ ತೀರಿಕೊಂಡು ಆಗ ಎರಡು ವರ್ಷ. ಕೊನೆಯ ವಾರ ಈ ಮಗು ಆಸ್ಪತ್ರೆಯ ವರಾಂಡದಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದುದನ್ನು ನಾವು ಕಂಡಿದ್ದೆವು. ಲಾಜರನ 11ನೆಯ ಅಧ್ಯಾಯವನ್ನು ಆದಿತ್ಯವಾರದ ಶಾಲೆಯಲ್ಲಿ ಎಷ್ಟು ಸಲ ಕಲಿಸಿದ್ದೇವೋ ಲೆಕ್ಕವಿಲ್ಲ. ಎದ್ದುಬಂದ ಒಬ್ಬನ ಕಥೆಯನ್ನೇ ಕಲಿಸಿದ್ದೇವೆ. ಏಳದೆ ಉಳಿದವರ ಮನೆಗಳಲ್ಲಿ ಆ ಕಥೆಯನ್ನು ಹೇಗೆ ಕೇಳಿಸಿಕೊಳ್ಳುತ್ತಾರೆಂದು ನಾವು ಕಲಿಸಲಿಲ್ಲ, ನಮಗೆ ಯಾರೂ ಕಲಿಸಿರಲೂ ಇಲ್ಲ. ಎಲ್ಲಿಯೋ ಕುಳಿತ ಒಬ್ಬ ಕಥೆಗಾರನು ಇಲ್ಲದ ಹುಡುಗಿಯೊಬ್ಬಳನ್ನು ಹುಟ್ಟಿಸಿ ಕೊಂದದ್ದರಿಂದ ನಮ್ಮ ಮಗುವಿನ ಬಾಯಿಂದ ಎರಡು ವರ್ಷ ಹೊರಬಾರದಿದ್ದ ಮಾತು ಹೊರಬಂದಿತು.

ಹಾಗೆಂದು ನಮ್ಮ ಆಕ್ಷೇಪ ಇಳಿಯಲಿಲ್ಲ. ಒಂದು ಆದಿತ್ಯವಾರ ಈಕೆ ಯೇಸು ಹೀಗೆ ಹೇಳಿದ್ದಾನೆಂದು ತರಗತಿಯಲ್ಲಿ ಒಂದು ಮಾತನ್ನು ಹೇಳಿದಳು. ಅದು ಧಾರಾವಾಹಿಯ ಬರಹಗಾರರ ಮಾತು. ಒಳ್ಳೆಯ ಮಾತೇ. ಆದರೆ ಯೇಸುವಿನದಲ್ಲ. ತಾಳಮದ್ದಲೆಯಲ್ಲಿ ಪದ್ಯ ಯಾವುದು, ಅರ್ಥ ಯಾವುದು ಎಂದು ಕೇಳುವವನ ಕಿವಿಗೆ ತಿಳಿಯುತ್ತದೆ. ಭಾಗವತರು ನಿಲ್ಲಿಸಿದ ಮೇಲೆಯೇ ಅರ್ಥಧಾರಿ ಬಾಯಿ ತೆರೆಯುವುದು. ಪರದೆಯಲ್ಲಿ ಪದ್ಯವೂ ಅರ್ಥವೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬರುತ್ತವೆ. ಆರಂಭದಲ್ಲಿ ಒಮ್ಮೆ ಬರುವ ಎಚ್ಚರಿಕೆಯ ಮಾತು ಐದನೆಯ ಭಾಗದವರೆಗೆ ಯಾರ ನೆನಪಿನಲ್ಲಿರುತ್ತದೆ?

ಆದ್ದರಿಂದ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಒಂದು ಕಂತು ನೋಡಿದರೆ, ಯಾವುದು ಇದೆ, ಯಾವುದು ಇಲ್ಲವೆಂದು ಸತ್ಯವೇದದಲ್ಲಿ ಹುಡುಕಿ ಓದಬೇಕು, ಓದುವುದು ಕನ್ನಡದಲ್ಲಿ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಹುಡುಗಿ. ಒತ್ತಕ್ಷರ ಬಂದರೆ ಎಡವುತ್ತಿದ್ದಳು, ‘ಸಮಾಧಿ’ಯನ್ನು ಸಲೀಸಾಗಿ ಓದಿ ‘ಪುನರುತ್ಥಾನ’ದಲ್ಲಿ ನಿಂತುಬಿಡುತ್ತಿದ್ದಳು. ಈಗ ತಡೆಯಿಲ್ಲದೆ ಓದುತ್ತಾಳೆ. ನಾವು 31 ವರ್ಷ ಮಾಸ್ತರಿಕೆ ಮಾಡಿ, ಅದರಲ್ಲಿ 9 ವರ್ಷ ಮುಖ್ಯೋಪಾಧ್ಯಾಯರಾಗಿದ್ದು ಕಲಿಸಲಾರದ್ದನ್ನು, ಇಲ್ಲದ ಹುಡುಗಿಯೊಬ್ಬಳನ್ನು ಹುಡುಕುವ ಹಟ ಕಲಿಸಿತು. ಲಾಜರನ ಸಮಾಧಿಯ ಬಳಿ, ಎಬ್ಬಿಸುವುದಕ್ಕೆ ಮೊದಲು, ಯೇಸು ಅತ್ತನೆಂಬ ವಾಕ್ಯಕ್ಕೆ ಬಂದಾಗ ಅವಳು ಪುಸ್ತಕ ಮುಚ್ಚಿ ಬೆರಳನ್ನು ನಡುವೆ ಇಟ್ಟುಕೊಂಡು ಕುಳಿತಳು. ನಾವೇನೂ ವಿವರಿಸಲಿಲ್ಲ.

ಐದನೆಯ ಭಾಗದಲ್ಲಿ ಯೂದನ ಕಥೆ ಮುಂದುವರಿದಾಗ ಅವಳು ಕೇಳಿದಳು: “ಅಜ್ಜಾ, ಯೂದನಿಗೆ ಅಮ್ಮ ಇರಲಿಲ್ಲವೇ?” ನಾವು ಅಟ್ಟ ಹತ್ತಬೇಕಾಯಿತು.

ನೋಟುಪುಸ್ತಕವು ಕಾಣೆಯಾದದ್ದಲ್ಲ. ತಂದೆಯವರ ನಿಧನದ ಬಳಿಕ ಅವರ ಪ್ರಸಂಗದ ಕಾಗದಗಳ ಪೆಟ್ಟಿಗೆಯಲ್ಲಿ ಅದು ಸಿಕ್ಕಿತ್ತು. ಆ ವಾರವೇ ನಮ್ಮ ತಾಯಿ ಇನ್ನೊಂದನ್ನೂ ಹೇಳಿದ್ದರು: ಹಪ್ಪಳ ತಂದ ಆ ತಾಯಿಯ ಮನೆಗೆ ತಂದೆಯವರು ಅಂದಿನಿಂದ ತಿಂಗಳಿಗೊಮ್ಮೆ ಹೋಗಿ, ಅವರನ್ನು ಕರೆದುಕೊಂಡು ಸ್ಮಶಾನದ ಮೂಲೆಯವರೆಗೆ ನಡೆದು, ಪ್ರಾರ್ಥನೆ ಮಾಡಿ ಬರುತ್ತಿದ್ದರೆಂದು. ನಮಗೆ ಒಂದು ದಿನವೂ ಹೇಳಿರಲಿಲ್ಲ. ನೋಟುಪುಸ್ತಕವನ್ನು ಅಂದು ಬಿಡಿಸಿ ನೋಡುವ ಮನಸ್ಸಾಗದೆ ಅಟ್ಟಕ್ಕೆ ಹಾಕಿದ್ದೆವು.

ಮೊಮ್ಮಗಳೇ ಬಿಡಿಸಿದಳು. ಅಂಚುಗಳನ್ನು ಗೆದ್ದಲು ತಿಂದಿತ್ತು, ನಡುಭಾಗ ಉಳಿದಿತ್ತು. ಪುಟಪುಟದಲ್ಲಿಯೂ ತಂದೆಯವರ ಸೀಸದಕಡ್ಡಿಯ ಗುರುತುಗಳಿದ್ದವು. ಎರಡು ಕಡೆ ನಮ್ಮ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿದ್ದರು. ಯಾಜಕನೊಬ್ಬನು ಮೂವತ್ತು ನಾಣ್ಯಗಳೆಂದು ಹೇಳುವಲ್ಲಿ, ‘ಈ ಲೆಕ್ಕ ಮತ್ತಾಯನಲ್ಲಿ ಮಾತ್ರ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಕಾವಲುಗಾರನ ಒಂದು ಒರಟು ಮಾತಿಗೆ ಅಡ್ಡಗೆರೆ ಎಳೆದಿದ್ದರು. ತಾಯಿಯ ಮಾತುಗಳಿದ್ದ ಕೊನೆಯ ಮೂರು ಪುಟಗಳಲ್ಲಿ ಯಾವ ಗುರುತೂ ಇರಲಿಲ್ಲ. ಪುಟಗಳ ಕೆಳಮೂಲೆ ಮಾತ್ರ, ಹಲವು ಸಲ ಮಗುಚಿದವರ ಬೆರಳು ತಾಗಿ, ಸ್ವಲ್ಪ ಕಪ್ಪಾಗಿತ್ತು.

ಮೊಮ್ಮಗಳು ಆ ಮೂರು ಪುಟಗಳನ್ನು ಗಟ್ಟಿಯಾಗಿ ಓದಿದಳು. ಮುಗಿಸಿ, “ಕೊನೆಗೆ ಹೆಣ ಕೊಟ್ಟರಾ ಅಜ್ಜಾ?” ಎಂದು ಕೇಳಿದಳು.